ಕಾಲ್ ಹೋದ ಕೂಡಲೇ ಸ್ಕ್ರೀನ್ ಕಪ್ಪು: ಪ್ರಾಕ್ಸಿಮಿಟಿ ಸೆನ್ಸರ್ ಆಫ್ ಮಾಡೋದು ಹೇಗೆ?

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ಅಮ್ಮನ ಆಂಡ್ರಾಯ್ಡ್ ಫೋನಿನ ಗೋಳು ಇದು. ಯಾರಿಗಾದರೂ ಕಾಲ್ ಮಾಡಿದರೆ ಸಾಕು, ಸ್ಕ್ರೀನ್ ಪೂರ್ತಿ ಕಪ್ಪಾಗಿಬಿಡುತ್ತದೆ. ಕಿವಿಗೆ ಇಟ್ಟುಕೊಂಡಾಗ ಹಾಗಾಗಬೇಕು, ಮುಖ ಹತ್ತಿರ ಬಂದದ್ದನ್ನು ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್ ಇರುವುದೇ ಅದಕ್ಕೆ, ಅದು ಗೊತ್ತು. ಆದರೆ ಇದು ಟೇಬಲ್ ಮೇಲೆ ಇಟ್ಟು ಡಯಲ್ ಮಾಡಿದರೂ ಹಾಗೇ. ಮಾತು ಕೇಳಿಸುತ್ತದೆ, ನಮ್ಮ ಮಾತೂ ಆ ಕಡೆಗೆ ಹೋಗುತ್ತದೆ, ಸ್ಕ್ರೀನ್ ಮಾತ್ರ ಬರುವುದಿಲ್ಲ. ಪವರ್ ಬಟನ್ ಒತ್ತಿದರೆ ಒಂದು ಸಲ ಮಿಂಚಿ ಮತ್ತೆ ಹೋಗುತ್ತದೆ. ಕಾಲ್ ಕಟ್ ಮಾಡಬೇಕು ಅಂದರೆ ಆ ಕಡೆಯವರೇ ಮಾಡಬೇಕು. ಅಮ್ಮನ ಗೆಳತಿಯರು ಅಷ್ಟು ಸುಲಭಕ್ಕೆ ಫೋನ್ ಇಡುವ ಪೈಕಿ ಅಲ್ಲ.

ಜಾಸ್ತಿ ತೊಂದರೆ ಆಗುತ್ತಿರುವುದು "ಕನ್ನಡಕ್ಕಾಗಿ ಒಂದನ್ನು ಒತ್ತಿ" ಅನ್ನುವ ಕಾಲ್‌ಗಳಲ್ಲಿ. ಕರೆಂಟ್ ಹೋದರೆ 1912ಕ್ಕೆ ಮಾಡಬೇಕು, ಬ್ಯಾಂಕಿಗೆ ಮಾಡಬೇಕು, ಕೊರಿಯರ್‌ನವರಿಗೆ ಮಾಡಬೇಕು. ಎಲ್ಲ ಕಡೆ ನಂಬರ್ ಒತ್ತು ಅಂತಾರೆ. ಕಪ್ಪು ಗಾಜಿನ ಮೇಲೆ ಎಲ್ಲಿ ಅಂತ ಒತ್ತೋದು?

ಫೋನ್ ಅಂಥ ಹಳೆಯದೇನಲ್ಲ. ಗೌರಿ ಹಬ್ಬಕ್ಕೆ ಮುಂಚೆ ಕೈಜಾರಿ ಬಿದ್ದು ಡಿಸ್‌ಪ್ಲೇ ಒಡೆದಿತ್ತು. ಊರಲ್ಲೇ ಒಂದು ಅಂಗಡಿಯಲ್ಲಿ ಕಾಂಬೊ (ಡಿಸ್‌ಪ್ಲೇ, ಮೇಲಿನ ಟಚ್ ಗಾಜು ಎರಡೂ ಸೇರಿದ್ದು) ಹಾಕಿಸಿದೆವು, ಅವರೇ ಮೇಲೊಂದು ಟೆಂಪರ್ ಗ್ಲಾಸ್ ಅಂಟಿಸಿ ಕೊಟ್ಟರು. ಈ ಸೆನ್ಸರನ್ನು ಪೂರ್ತಿ ಆಫ್ ಮಾಡುವ ಸೆಟ್ಟಿಂಗ್ ಎಲ್ಲಾದರೂ ಇದೆಯಾ? ಪ್ಲೇ ಸ್ಟೋರಿನಲ್ಲಿ ಅದಕ್ಕೇ ಅಂತ ಆಪ್‌ಗಳಿವೆ, ಹಾಕಬಹುದಾ? ನಾನಿರುವುದು ಬೆಂಗಳೂರಿನಲ್ಲಿ. ಏನೇ ಇದ್ದರೂ ಅಮ್ಮನಿಗೆ ಫೋನಿನಲ್ಲೇ ಹೇಳಿಕೊಡಬೇಕು, ಅದೂ ಸ್ಕ್ರೀನ್ ಬಾರದ ಇದೇ ಫೋನಿನಲ್ಲಿ. ಹಾಗಾಗಿ ಸುಲಭದ್ದು ಹೇಳಿ.

ಸುಮ್ನೆ ಬಂದೆ

ಯಾವ ಫೋನು, ಯಾವ ಡಯಲರ್ (ಕಾಲ್ ಮಾಡುವ ಆಪ್) ಅನ್ನುವುದರ ಮೇಲೆ ಹೋಗುತ್ತದೆ. ಶಿಯೋಮಿ, ರೆಡ್ಮಿ ಫೋನುಗಳಲ್ಲಿ ಕಂಪನಿಯದ್ದೇ ಡಯಲರ್ ಇದ್ದರೆ ಕಾಲ್ ಸೆಟ್ಟಿಂಗ್ಸ್ ಒಳಗೆ ಇನ್‌ಕಮಿಂಗ್ ಕಾಲ್ ಸೆಟ್ಟಿಂಗ್ಸ್ ಅಂತ ಇರುತ್ತದೆ, ಅದರಲ್ಲಿ ಪ್ರಾಕ್ಸಿಮಿಟಿ ಸೆನ್ಸರ್ ಅಂತಲೇ ಒಂದು ಸ್ವಿಚ್ ಇದೆ. ಹಳೇ ಸ್ಯಾಮ್‌ಸಂಗ್‌ಗಳಲ್ಲೂ ಕಾಲ್ ಮಾಡುವಾಗ ಸ್ಕ್ರೀನ್ ಆಫ್ ಮಾಡು ಅಂತ ಒಂದು ಟಿಕ್ ಇರುತ್ತಿತ್ತು, ಅದನ್ನು ತೆಗೆದರೆ ಆಯಿತು. ಗೂಗಲ್‌ನ ಫೋನ್ ಆಪ್ ಇದ್ದರೆ ಆ ಆಯ್ಕೆಯೇ ಇಲ್ಲ. ಐಫೋನಿನಲ್ಲೂ ಇಲ್ಲ.

ಸೆಟ್ಟಿಂಗ್ಸ್ ತೆರೆದು ಮೇಲೆ ಹುಡುಕುವ ಜಾಗದಲ್ಲಿ "ಪ್ರಾಕ್ಸಿಮಿಟಿ" ಅಂತ ಟೈಪ್ ಮಾಡಿ ನೋಡಿ. ಇದ್ದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ನನ್ನ ರೆಡ್ಮಿಯಲ್ಲಿ ಆಫ್ ಮಾಡಿಕೊಂಡೇ ಓಡಾಡುತ್ತಿದ್ದೆ, ಆಕಾಶವೇನೂ ಕಳಚಿ ಬೀಳಲಿಲ್ಲ.

ಸೋಲ್ಡರ್ ಹೊಗೆ

ಸೆಟ್ಟಿಂಗ್ ಆಮೇಲೆ ಹುಡುಕಿ. ಮೊದಲು ಆ ಟೆಂಪರ್ ಗ್ಲಾಸ್ ಕೀಳಿ.

ನಾನು ಮೊಬೈಲ್ ರಿಪೇರಿ ಮಾಡುವವನು. ಡಿಸ್‌ಪ್ಲೇ ಬದಲಿಸಿದ್ದೀವಿ, ಗ್ಲಾಸ್ ಅಂಟಿಸಿದ್ದಾರೆ ಅಂತ ನೀವು ಬರೆದಿರುವ ಆ ಎರಡು ಸಾಲಿನಲ್ಲೇ ಕಾರಣ ಇದೆ. ನಿಮ್ಮ ಸೆನ್ಸರ್ ಕೆಟ್ಟಿಲ್ಲ, ಅದರ ಕಣ್ಣಿಗೆ ಏನೋ ಅಡ್ಡ ಬಂದಿದೆ. ಕೆಟ್ಟಿದ್ದರೆ ಹೆಚ್ಚಾಗಿ ಉಲ್ಟಾ ಆಗುತ್ತದೆ, ಅಂದರೆ ಕಿವಿಗೆ ಇಟ್ಟರೂ ಸ್ಕ್ರೀನ್ ಆಫ್ ಆಗುವುದಿಲ್ಲ.

ಕಿವಿಗೆ ಮಾತು ಬರುವ ಸಣ್ಣ ಜಾಲರಿ (ಇಯರ್‌ಪೀಸ್) ಇದೆಯಲ್ಲ, ಅದರ ಅಕ್ಕಪಕ್ಕ, ಕಪ್ಪು ಪಟ್ಟಿಯ ಅಡಿಯಲ್ಲಿ ಎರಡು ಪುಟ್ಟ ಭಾಗ ಇರುತ್ತವೆ. ಒಂದು ಇನ್‌ಫ್ರಾರೆಡ್ ಬೆಳಕು ಬಿಡುವ ಎಲ್‌ಇಡಿ. ಇನ್ನೊಂದು, ಆ ಬೆಳಕು ಕೆನ್ನೆಗೆ ತಗುಲಿ ವಾಪಸ್ ಬಂದಾಗ ಹಿಡಿಯುವ ಫೋಟೋಡಯೋಡ್. ವಾಪಸ್ ಬಂದದ್ದು ಒಂದು ಮಟ್ಟ ದಾಟಿದರೆ "ಹತ್ತಿರ", ದಾಟದಿದ್ದರೆ "ದೂರ". ಹೆಚ್ಚಿನ ಫೋನುಗಳಲ್ಲಿ ಅಷ್ಟೇ ಲೆಕ್ಕ, ಅದು ದೂರ ಅಳೆಯುವುದೇನಿಲ್ಲ. ಈಗ ಈ ಬೆಳಕು ಹೊರಗೆ ಹೋಗುವ ಬದಲು ಗಾಜಿನ ಒಳಗೇ ತಿರುಗಿ ಡಯೋಡಿನ ಮೇಲೆ ಬಿದ್ದರೆ? ಅದಕ್ಕೆ ಇಪ್ಪತ್ನಾಲ್ಕು ಗಂಟೆಯೂ ಎದುರಿಗೆ ಕೆನ್ನೆ ಇದ್ದ ಹಾಗೇ. ಕತ್ತಲಲ್ಲಿ ಕಿಟಕಿಯ ಗಾಜಿಗೆ ಟಾರ್ಚ್ ಬಿಟ್ಟರೆ ಹೊರಗಿನದು ಕಾಣದೆ ನಮ್ಮ ಕಣ್ಣಿಗೇ ಹೊಡೆಯುತ್ತದಲ್ಲ, ಆ ಥರ.

ಗ್ಲಾಸ್ ಅಂಟಿಸುವಾಗ ಸ್ವಲ್ಪ ಓರೆಯಾದರೂ ಅದರ ಅಂಚು ಸರಿಯಾಗಿ ಆ ಜಾಗದ ಮೇಲೇ ಕೂರುತ್ತದೆ. ಸುತ್ತ ಕಪ್ಪು ಬಾರ್ಡರ್ ಇರುವ ಗ್ಲಾಸ್ ಆದರೆ ಇನ್ನೂ ಕಷ್ಟ, ಬಾರ್ಡರ್ ಪೂರ್ತಿ ಸೆನ್ಸರನ್ನೇ ಮುಚ್ಚಿರುತ್ತದೆ. ಅಂಟು ಹಿಡಿಯದೆ ಮೇಲ್ಗಡೆ ಗಾಳಿಗುಳ್ಳೆ ಉಳಿದರೂ ಅದೇ ಕಥೆ. ಹಾಗಾಗಿ ಕಿತ್ತು, ಒಣ ಹತ್ತಿ ಬಟ್ಟೆಯಲ್ಲಿ ಮೇಲಿನ ಪಟ್ಟಿ ಒರೆಸಿ ಒಂದು ಕಾಲ್ ಮಾಡಿ. ನಿಮ್ಮದು ತೆಂಗಿನ ಸೀಮೆ, ಅಮ್ಮ ತಲೆಗೆ ಎಣ್ಣೆ ಹಚ್ಚುತ್ತಾರೆ ಅಂದುಕೊಂಡಿದ್ದೇನೆ. ಕಿವಿಯ ಹತ್ತಿರದ ಜಿಡ್ಡು ಜಾಲರಿಗೂ ಸೆನ್ಸರ್ ಕಿಂಡಿಗೂ ಮೆತ್ತಿಕೊಳ್ಳುತ್ತದೆ, ಅದರ ಮೇಲೆ ಪೌಡರ್, ಧೂಳು. ನನ್ನ ಟೇಬಲ್ಲಿಗೆ ಬರುವ ಫೋನುಗಳಲ್ಲಿ ಬರೀ ಒರೆಸಿ ವಾಪಸ್ ಕೊಟ್ಟಿದ್ದು ಬೇಕಾದಷ್ಟಿದೆ.

ಗ್ಲಾಸ್ ತೆಗೆದರೂ ಸರಿ ಹೋಗದಿದ್ದರೆ ಆಗ ಕಾಂಬೊ ಕಡೆ ನೋಡಬೇಕು. ಒರಿಜಿನಲ್ ಗಾಜಿನಲ್ಲಿ ಸೆನ್ಸರ್ ಮೇಲಿನ ಕಪ್ಪು ಬಣ್ಣವೇ ಬೇರೆ. ನಮ್ಮ ಕಣ್ಣಿಗೆ ಕಪ್ಪು, ಆದರೆ ಇನ್‌ಫ್ರಾರೆಡ್‌ಗೆ ದಾರಿ ಬಿಡುತ್ತದೆ. ಅಗ್ಗದ ಕಾಂಬೊದಲ್ಲಿ ಆ ಕಿಂಡಿ ಸರಿಯಾದ ಜಾಗದಲ್ಲಿ ಇರುವುದಿಲ್ಲ, ಇಲ್ಲವೇ ಬಣ್ಣ ದಪ್ಪ ಹೊಡೆದಿರುತ್ತಾರೆ. ಇನ್ನೊಂದು ಕಳ್ಳ ಇದೆ. ಎಲ್‌ಇಡಿಗೂ ಡಯೋಡಿಗೂ ನಡುವೆ ಬೆಳಕು ಸೋರದಂತೆ ಒಂದು ಪುಟ್ಟ ರಬ್ಬರ್ ತೊಡಿಸಿರುತ್ತಾರೆ, ಎಳ್ಳಿಗಿಂತ ಸ್ವಲ್ಪ ದೊಡ್ಡದು, ಎರಡು ತೂತಿನದ್ದು. ಡಿಸ್‌ಪ್ಲೇ ಬಿಚ್ಚುವಾಗ ಅದು ಹಳೇ ಗಾಜಿಗೇ ಅಂಟಿಕೊಂಡು ಬರುತ್ತದೆ, ಯಾರೂ ಗಮನಿಸದೆ ಗಾಜಿನ ಜೊತೆ ಕಸದ ಡಬ್ಬಕ್ಕೆ ಹೋಗುತ್ತದೆ. ಆ ರಬ್ಬರ್ ಇಲ್ಲದೆ ಎಷ್ಟು ದುಬಾರಿ ಡಿಸ್‌ಪ್ಲೇ ಹಾಕಿದರೂ ಇದೇ ಹಾಡು. ಅಂಗಡಿಯವರಿಗೆ "ಸೆನ್ಸರ್ ರಬ್ಬರ್ ಇದೆಯಾ ನೋಡಿ" ಅಂತ ಹೇಳಿದರೆ ಗೊತ್ತಾಗುತ್ತದೆ. ಡಿಸ್‌ಪ್ಲೇ ಹಾಕಿದ ಮೇಲೆ ಕಾಲ್ ಮಾಡಿ ತೋರಿಸದೆ ಗಿರಾಕಿ ಕೈಗೆ ಫೋನ್ ಕೊಡಬಾರದು, ಅದು ನಮ್ಮ ಕೆಲಸದ ಮೊದಲ ಪಾಠ. ಧೈರ್ಯವಾಗಿ ವಾಪಸ್ ಹೋಗಿ ಕೇಳಿ.

ಐಫೋನಿನವರು ಯಾರಾದರೂ ಇದನ್ನು ಓದುತ್ತಿದ್ದರೆ: ಐಫೋನ್ ಎಕ್ಸ್‌ನಲ್ಲಿ ಈ ಸೆನ್ಸರ್ ಇಯರ್‌ಪೀಸ್ ಜೊತೆ ಬರುವ ಪಟ್ಟಿಯಲ್ಲಿರುತ್ತದೆ, ಅದರಲ್ಲೇ ಫೇಸ್ ಐಡಿಗೆ (ಮುಖ ನೋಡಿ ಫೋನ್ ತೆರೆಯುವುದಕ್ಕೆ) ಬೇಕಾದ ಭಾಗವೂ ಇರುತ್ತದೆ, ಅದು ಆ ಫೋನಿನ ಬೋರ್ಡಿಗೆ ಮಾತ್ರ ಹೊಂದುವಂತೆ ಜೋಡಿಯಾಗಿರುತ್ತದೆ. ಸಿಕ್ಕಸಿಕ್ಕ ಕಡೆ ಅದನ್ನು ಬದಲಿಸಿದರೆ ಫೇಸ್ ಐಡಿ ಹೋಯಿತು ಅಂತಲೇ.

ತಿಪಟೂರು ತೆಂಗು

ಸೋಲ್ಡರ್ ಹೊಗೆ ಸರ್, ತುಂಬಾ ಥ್ಯಾಂಕ್ಸ್. ಎಣ್ಣೆ ವಿಷಯ ಓದಿ ಅಮ್ಮನಿಗೆ ನಗು ಬಂತು, ಅಲ್ಲ ಅನ್ನಲಿಲ್ಲ. ಗೂಗಲ್ ಡಯಲರ್ರೇ ಇದೆ, ಹುಡುಕಿದರೆ ಆ ಸ್ವಿಚ್ ಬರಲಿಲ್ಲ. ಇನ್ನೊಂದು ಮರೆತೆ: ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಒತ್ತಿದರೂ ಸ್ಕ್ರೀನ್ ಕಪ್ಪಾಗಿ, ದನಿ ಸಣ್ಣಗೆ ಎಲ್ಲೋ ಒಳಗಿನಿಂದ ಬರುತ್ತದೆ. ಸ್ಪೀಕರ್ ಹೋಗಿದೆ ಅಂದುಕೊಂಡಿದ್ದೆವು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಮಸ್ಕತ್ತಿನಿಂದ ಮಾವ

ಸಂಬಂಧ ಇದೆ. ವಾಯ್ಸ್ ಮೆಸೇಜ್ ಕೇಳುವಾಗ ಫೋನನ್ನು ಕಿವಿಗೆ ಇಟ್ಟರೆ ವಾಟ್ಸಾಪ್ ದನಿಯನ್ನು ಇಯರ್‌ಪೀಸ್‌ಗೆ ಕಳಿಸುತ್ತದೆ, ಬೇರೆಯವರಿಗೆ ಕೇಳಿಸಬಾರದು ಅಂತ. ನಿಮ್ಮ ಫೋನಿಗೆ ಯಾವಾಗಲೂ ಕಿವಿಯಲ್ಲೇ ಇದ್ದೀನಿ ಅನ್ನುವ ಭ್ರಮೆ, ಅದಕ್ಕೇ ಹಾಗೆ. ಸ್ಪೀಕರ್ ಚೆನ್ನಾಗಿದೆ, ಅದಕ್ಕೆ ದುಡ್ಡು ಹಾಕಬೇಡಿ.

ರಿಪೇರಿ ಆಗುವ ತನಕ ಅಮ್ಮ ಏನು ಮಾಡಬೇಕು ಅನ್ನುವುದಕ್ಕೆ ಹೇಳುತ್ತೇನೆ. ನಾನೂ ಊರಲ್ಲಿರುವ ವಯಸ್ಸಾದವರಿಗೆ ದೂರದಿಂದಲೇ ಫೋನ್ ರಿಪೇರಿ ಮಾಡುವವನು, ನಿಮ್ಮ ಕಷ್ಟ ಅರ್ಥವಾಗುತ್ತದೆ.

ಇಯರ್‌ಫೋನ್ ಚುಚ್ಚಲು ಹೇಳಿ, ತಂತಿಯದ್ದು. ಇಯರ್‌ಫೋನ್, ಬ್ಲೂಟೂತ್ ಅಥವಾ ಸ್ಪೀಕರ್‌ನಲ್ಲಿ ಮಾತಾಡುವಾಗ ಫೋನ್ ಆ ಸೆನ್ಸರಿನ ಮಾತು ಕೇಳುವುದಿಲ್ಲ, ಫೋನ್ ಕಿವಿಯಲ್ಲಿ ಇಲ್ಲ ಅಂತ ಅದಕ್ಕೆ ಗೊತ್ತು. ಕಾಲ್ ನಡುವೆ ಕಪ್ಪಾಗಿದ್ದರೂ ಇಯರ್‌ಫೋನ್ ಚುಚ್ಚಿದ ಕೂಡಲೇ ಸ್ಕ್ರೀನ್ ಹತ್ತಿಕೊಳ್ಳುತ್ತದೆ. ಕೀಪ್ಯಾಡ್ ತೆಗೆದು ಬೇಕಾದ ನಂಬರ್ ಒತ್ತಬಹುದು. 1912ಕ್ಕೆ ಮಾಡುವ ಮುಂಚೆ ಚುಚ್ಚಿಕೊಂಡೇ ಡಯಲ್ ಮಾಡಿದರೆ ರಗಳೆಯೇ ಇಲ್ಲ. ಇಯರ್‌ಫೋನಿನ ಬಟನ್ ಒತ್ತಿದರೆ ಕಾಲ್ ಕಟ್ ಕೂಡ ಆಗುತ್ತದೆ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಪವರ್ ಬಟನ್ ಒತ್ತಿದರೆ ಕಾಲ್ ಮುಗಿಯಲಿ ಅನ್ನುವ ಸ್ವಿಚ್ ಇದೆ. ಸ್ಯಾಮ್‌ಸಂಗ್‌ನಲ್ಲಿ ಅದು ಕಾಲ್ ಎತ್ತುವುದು, ಮುಗಿಸುವುದು ಅನ್ನುವ ಭಾಗದಲ್ಲಿ ಸೈಡ್ ಕೀ ಹೆಸರಿನಲ್ಲಿರುತ್ತದೆ. ಅದನ್ನು ಆನ್ ಮಾಡಿ ಇಡಿ. ಗೆಳತಿಯರ ಮಾತು ಜಾಸ್ತಿ ಆಯಿತು ಅನ್ನಿಸಿದಾಗ ಅಮ್ಮ ಸೈಡ್ ಬಟನ್ ಒತ್ತಿದರೆ ಮುಗಿಯಿತು. ಐಫೋನಿನಲ್ಲಿ ಇದು ಮೊದಲಿನಿಂದಲೂ ಹಾಗೇ ಇದೆ. ಅಲ್ಲಿ ಜನರಿಗೆ ಉಲ್ಟಾ ತೊಂದರೆಯಾಗಿ, ಬಟನ್ ತಗುಲಿ ಕಾಲ್ ಕಟ್ ಆಗುತ್ತಿದೆ ಅಂತ ಐಒಎಸ್ 16ರಲ್ಲಿ ಅದನ್ನು ತಡೆಯುವ ಸ್ವಿಚ್ ಕೊಟ್ಟರು.

ಆಫ್ ಮಾಡಿಕೊಂಡರೆ ಆಕಾಶ ಬೀಳಲ್ಲ ಅಂದವರಿಗೆ ಒಂದು ಮಾತು. ನಿಮಗೆ ಬೀಳಲ್ಲ ಬಿಡಿ. ವಯಸ್ಸಾದವರು ಫೋನನ್ನು ಕೆನ್ನೆಗೆ ಒತ್ತಿ ಹಿಡಿದು, ಇನ್ನೂ ಕೇಳಿಸದಿದ್ದರೆ ಇನ್ನೂ ಒತ್ತುತ್ತಾರೆ. ಸ್ಕ್ರೀನ್ ಆನ್ ಇದ್ದರೆ ಕೆನ್ನೆ ಮ್ಯೂಟ್ ಒತ್ತುತ್ತದೆ, ಹೋಲ್ಡ್ ಒತ್ತುತ್ತದೆ, ಇನ್ಯಾರನ್ನೋ ಕಾಲ್‌ಗೆ ಸೇರಿಸಲು ಹೋಗುತ್ತದೆ. ನಮ್ಮ ಅತ್ತೆ ಅರ್ಧ ಗಂಟೆ ಊರಿನ ಸುದ್ದಿಯೆಲ್ಲ ಹೇಳಿ ಮುಗಿಸಿದ್ದರು, ಈ ಕಡೆ ನಾನು "ಹಲೋ ಹಲೋ" ಅನ್ನುತ್ತಲೇ ಇದ್ದೆ. ಮ್ಯೂಟ್ ಆಗಿತ್ತು.

ಸುಮ್ನೆ ಬಂದೆ

ಮಾವ, ಒಪ್ಪಿದೆ. ಆದರೆ ನಾನು ಹೆಚ್ಚಾಗಿ ಬ್ಲೂಟೂತ್‌ನಲ್ಲೇ ಮಾತಾಡುವವನು, ನನಗೆ ಕೆನ್ನೆಯ ಪ್ರಶ್ನೆಯೇ ಬರಲಿಲ್ಲ. ಸೆನ್ಸರ್ ನಿಜವಾಗಲೂ ಹಾಳಾಗಿ, ರಿಪೇರಿಗೆ ಫೋನಿನ ಅರ್ಧ ಬೆಲೆ ಕೇಳಿದರೆ ಆಫ್ ಮಾಡಿಕೊಂಡು ಇರುವುದೇ ಲೇಸು ಅಲ್ವಾ?

ಕೋಡು ಕಾಫಿ

ಆಪ್‌ಗಳ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಹಾಗಾಗಿ ನಾನು. ಆಂಡ್ರಾಯ್ಡ್ ಆಪ್ ಬರೆಯುವುದು ನನ್ನ ಹೊಟ್ಟೆಪಾಡು.

ಹಾಕಬೇಡಿ. "ಪ್ರಾಕ್ಸಿಮಿಟಿ ಆಫ್", "ಸೆನ್ಸರ್ ರಿಪೇರಿ" ಅಂತ ಬರುವ ಆಪ್‌ಗಳಿಗೆ ರೂಟ್ ಮಾಡದ (ಅಂದರೆ ಸಿಸ್ಟಮ್‌ನ ಪೂರ್ತಿ ಹಿಡಿತ ಬಿಡಿಸಿಕೊಳ್ಳದ) ಫೋನಿನಲ್ಲಿ ಆ ಅಧಿಕಾರವೇ ಇಲ್ಲ. ಕಾಲ್ ಶುರುವಾದಾಗ ಫೋನ್ ಆಪ್ ಸಿಸ್ಟಮ್‌ಗೆ ಒಂದು ವೇಕ್ ಲಾಕ್ ಕೇಳುತ್ತದೆ: ಸೆನ್ಸರ್ "ಹತ್ತಿರ" ಅಂದರೆ ಸ್ಕ್ರೀನ್ ಆರಿಸು, "ದೂರ" ಅಂದರೆ ಹಚ್ಚು. ಬೇರೆ ಆಪ್‌ಗಳಿಗೂ ಇದನ್ನು ಬಳಸಲು ಆಂಡ್ರಾಯ್ಡ್ 5ರಿಂದ ಬಿಟ್ಟಿದ್ದಾರೆ, ವಾಟ್ಸಾಪ್ ಥರದ ಕಾಲಿಂಗ್ ಆಪ್‌ಗಳಿಗೆ ಬೇಕಲ್ಲ. ಆದರೆ ಒಂದು ಆಪ್ ಹಿಡಿದುಕೊಂಡಿರುವ ಲಾಕನ್ನು ಇನ್ನೊಂದು ಆಪ್ ಬಿಡಿಸಲು ಆಗುವುದಿಲ್ಲ. ಹಾಗಾಗಿ ಇಂಥ ಆಪ್ ಜಾಹೀರಾತು ತೋರಿಸುತ್ತದೆ, ಕಾಲ್ ಲಾಗ್ ಪರ್ಮಿಷನ್ ಕೇಳುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಅಮ್ಮಂದಿರ ಫೋನಿಗೆ ಕಾಲ್ ಲಾಗ್ ಕೇಳುವ ಗುರುತಿಲ್ಲದ ಆಪ್ ಹಾಕುವುದು ಅಂದರೆ ನನಗೆ ಮೈ ಉರಿಯುತ್ತದೆ. ರೂಟ್ ಮಾಡಿದರೆ ದಾರಿ ಇದೆ, ಆದರೆ ಬ್ಯಾಂಕ್, ಯುಪಿಐ ಆಪ್‌ಗಳು ತಕರಾರು ಶುರು ಮಾಡುತ್ತವೆ. ಅದು ಈ ಕೆಲಸಕ್ಕೆ ತಕ್ಕದ್ದಲ್ಲ.

ಆಂಡ್ರಾಯ್ಡ್ 10ರಿಂದ ಡೆವಲಪರ್ ಆಪ್ಷನ್ಸ್ (ಆಪ್ ಬರೆಯುವವರಿಗೆ ಅಂತ ಇರುವ ಅಡಗಿದ ಸೆಟ್ಟಿಂಗ್ಸ್) ಒಳಗೆ "ಸೆನ್ಸರ್ಸ್ ಆಫ್" ಅನ್ನುವ ಟೈಲ್ ಇದೆ. ಯಾರಾದರೂ ಅದನ್ನು ಹೇಳಿಯೇ ಹೇಳುತ್ತಾರೆ, ಅದಕ್ಕೆ ಮುಂಚೆಯೇ ಹೇಳಿಬಿಡುತ್ತೇನೆ. ಅದು ಎಲ್ಲ ಸೆನ್ಸರ್‌ಗಳನ್ನೂ ಒಟ್ಟಿಗೆ ಆರಿಸುತ್ತದೆ. ಸ್ಕ್ರೀನ್ ತಿರುಗುವುದು ನಿಲ್ಲುತ್ತದೆ, ಆಪ್‌ಗಳಿಗೆ ಕ್ಯಾಮೆರಾ, ಮೈಕ್ ಸಿಗುವುದಿಲ್ಲ. ಅಮ್ಮ ವಿಡಿಯೋ ಕಾಲ್ ಮಾಡಿದರೆ ನಿಮಗೆ ಕಪ್ಪು ಪರದೆ ಕಾಣುತ್ತದೆ, ಆಗ ಇನ್ನೊಂದು ಪ್ರಶ್ನೆ ಹಾಕಬೇಕಾಗುತ್ತದೆ. ತೊಂದರೆ ಸೆನ್ಸರ್‌ನದ್ದೇನಾ ಅಂತ ಪರೀಕ್ಷೆ ಮಾಡುವುದಕ್ಕೆ ಒಂದು ನಿಮಿಷ ಆನ್ ಮಾಡಬಹುದು, ಅಷ್ಟೇ.

ಪರೀಕ್ಷೆಗೆ ಇನ್ನೂ ಸುಲಭದ ದಾರಿ: ಸ್ಯಾಮ್‌ಸಂಗ್ ಆದರೆ *#0*# ಡಯಲ್ ಮಾಡಿ ಸೆನ್ಸರ್ ಅನ್ನುವುದನ್ನು ಒತ್ತಿ. ಕೈ ಅಡ್ಡ ಹಿಡಿದರೆ ಸ್ಕ್ರೀನ್ ಹಸಿರಾಗಿ ಫೋನ್ ನಡುಗುತ್ತದೆ. ಶಿಯೋಮಿ ಆದರೆ *#*#6484#*#*, ಅಲ್ಲಿ ಪ್ರಾಕ್ಸಿಮಿಟಿ ಪರೀಕ್ಷೆ ಇರುತ್ತದೆ, ಕೆಲವು ಮಾಡೆಲ್‌ಗಳಲ್ಲಿ ಕ್ಯಾಲಿಬ್ರೇಟ್ ಮಾಡುವ (ಅಳತೆ ಸರಿಹೊಂದಿಸುವ) ಬಟನ್ನೂ ಇರುತ್ತದೆ. ಬೇರೆ ಕಂಪನಿಯದ್ದಾದರೆ ಫೋನಿನ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ಅನ್ನುವ ಆಪ್ ಹಾಕಿ ಸೆನ್ಸರ್ಸ್ ಪುಟ ತೆರೆಯಿರಿ. ಏನೂ ಅಡ್ಡ ಇಲ್ಲದಾಗ 5 ಅಂತಲೋ ಇನ್ನೇನೋ ದೊಡ್ಡ ಸಂಖ್ಯೆ ತೋರಿಸಬೇಕು, ಬೆರಳಿಟ್ಟರೆ 0. ಬೆರಳಿಲ್ಲದೆಯೂ 0 ಅಂತಲೇ ಕೂತಿದ್ದರೆ ಸೋಲ್ಡರ್ ಹೊಗೆ ಹೇಳಿದ್ದೇ ಸರಿ.

ಆದರೆ ಒಂದು ತಿದ್ದುಪಡಿ. ಈಗಿನ ಎಷ್ಟೋ ಫೋನುಗಳಲ್ಲಿ ಆ ಎಲ್‌ಇಡಿ, ಡಯೋಡ್ ಜೋಡಿಯೇ ಇಲ್ಲ. ಸ್ಕ್ರೀನ್ ಅಂಚಿನ ತನಕ ಬಂದ ಮೇಲೆ ಅದನ್ನು ಇಡಲು ಜಾಗವಿಲ್ಲ. 2016ರಲ್ಲಿ ಶಿಯೋಮಿ ಮಿ ಮಿಕ್ಸ್ ಬಂದಾಗ ನಾರ್ವೆಯ ಎಲಿಪ್ಟಿಕ್ ಲ್ಯಾಬ್ಸ್‌ನವರ ತಂತ್ರ ಹಾಕಿದರು: ಇಯರ್‌ಪೀಸ್‌ನಿಂದ ನಮಗೆ ಕೇಳಿಸದಷ್ಟು ಮೇಲಿನ ಸದ್ದು (ಅಲ್ಟ್ರಾಸೌಂಡ್) ಬಿಟ್ಟು, ಪ್ರತಿಧ್ವನಿಯನ್ನು ಮೈಕ್‌ನಲ್ಲಿ ಹಿಡಿಯುವುದು. ಈಗ ಕಡಿಮೆ ಬೆಲೆಯ ಫೋನುಗಳಲ್ಲೂ ಇಂಥ "ವರ್ಚುಯಲ್" ಸೆನ್ಸರ್ ಬಂದಿದೆ. ಕೆಲವು ಫೋನು ಹಿಡಿದಿರುವ ಕೋನ, ಸ್ಕ್ರೀನಿಗೆ ತಗುಲುವ ಕೆನ್ನೆ ಇವನ್ನೆಲ್ಲ ಸೇರಿಸಿ ಊಹೆ ಮಾಡುತ್ತವೆ. ಊಹೆ ಅಂದ ಮೇಲೆ ತಪ್ಪುವುದೂ ಜಾಸ್ತಿ. ಸಿಪಿಯು-ಝಡ್‌ನಲ್ಲಿ ಸೆನ್ಸರ್ ಹೆಸರಿನ ಜೊತೆ ವರ್ಚುಯಲ್, ಅಲ್ಟ್ರಾಸೌಂಡ್, ಎಲಿಪ್ಟಿಕ್ ಅಂತ ಏನಾದರೂ ಇದ್ದರೆ ರಬ್ಬರ್ ಹುಡುಕುವುದು ದಂಡ. ಇಯರ್‌ಪೀಸ್ ಜಾಲರಿ ಸ್ವಚ್ಛ ಮಾಡಿ, ಸಿಸ್ಟಮ್ ಅಪ್‌ಡೇಟ್ ಬಂದಿದೆಯಾ ನೋಡಿ.

ಅಪ್‌ಡೇಟ್‌ನಿಂದ ಏನಾಗುತ್ತದೆ ಅನ್ನಬೇಡಿ. 2010ರಲ್ಲಿ ಐಫೋನ್ 4 ಬಂದಾಗ ಕೆನ್ನೆ ತಗುಲಿ ಕಾಲ್ ಕಟ್ ಆಗುವುದು, ಮ್ಯೂಟ್ ಆಗುವುದು ದೊಡ್ಡ ದೂರಾಗಿತ್ತು. ಆಪಲ್ ಅದನ್ನು ಅದೇ ಸೆಪ್ಟೆಂಬರ್‌ನಲ್ಲಿ ಐಒಎಸ್ 4.1 ಅಪ್‌ಡೇಟ್‌ನಲ್ಲಿ ಸರಿ ಮಾಡಿತು. ಎಷ್ಟು ಬೆಳಕು ಬಂದರೆ "ಹತ್ತಿರ" ಅನ್ನುವ ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ಸಾಫ್ಟ್‌ವೇರ್ ಕೈಯಲ್ಲೇ ಇರುತ್ತದೆ.

ಸೋಲ್ಡರ್ ಹೊಗೆ

ಕೋಡು ಕಾಫಿ ಹೇಳಿದ್ದು ಸರಿ, ವರ್ಚುಯಲ್ ಇದ್ದರೆ ನಮ್ಮ ಕೈಯಲ್ಲೂ ಹೆಚ್ಚೇನಿಲ್ಲ.

ಆಪ್ ಇಲ್ಲದೆಯೂ ಕಂಡುಹಿಡಿಯಬಹುದು. ಮೊದಲು ಟಿವಿ ರಿಮೋಟಿನ ಮೂತಿಯನ್ನು ಇನ್ನೊಂದು ಫೋನಿನ ಸೆಲ್ಫಿ ಕ್ಯಾಮೆರಾಗೆ ತೋರಿಸಿ ಬಟನ್ ಒತ್ತಿ. ನೇರಳೆ ಬಣ್ಣದ ಬೆಳಕು ಮಿನುಗಿದರೆ ಆ ಕ್ಯಾಮೆರಾಗೆ ಇನ್‌ಫ್ರಾರೆಡ್ ಕಾಣುತ್ತದೆ ಅಂತ. ಹಿಂದಿನ ಕ್ಯಾಮೆರಾದಲ್ಲಿ ಫಿಲ್ಟರ್ ಗಟ್ಟಿ, ಸಾಮಾನ್ಯವಾಗಿ ಕಾಣಿಸುವುದಿಲ್ಲ. ಆಮೇಲೆ ಅಮ್ಮನ ಫೋನಿನಿಂದ ಕಾಲ್ ಮಾಡಿ, ಆ ಕ್ಯಾಮೆರಾವನ್ನು ಮೇಲಿನ ಪಟ್ಟಿಗೆ ಹಿಡಿಯಿರಿ. ಸಾಸಿವೆಯಷ್ಟು ನೇರಳೆ ಚುಕ್ಕಿ ಪಟಪಟ ಮಿನುಗಿದರೆ ಎಲ್‌ಇಡಿ ಇದೆ, ಕೆಲಸವನ್ನೂ ಮಾಡುತ್ತಿದೆ. ಕಾಲ್ ಕಟ್ ಆದ ಕೂಡಲೇ ಆರುತ್ತದೆ. ಇನ್ನು ಅಮೊಲೆಡ್ (ಪ್ರತಿ ಚುಕ್ಕಿಯೂ ತಾನೇ ಬೆಳಗುವ ಬಗೆಯ ಸ್ಕ್ರೀನ್) ಫೋನುಗಳಲ್ಲಿ ಕಾಲ್ ಮಾಡುವಾಗ ಸ್ಕ್ರೀನಿನ ಮೇಲ್ಭಾಗದಲ್ಲಿ ಬರಿಗಣ್ಣಿಗೇ ಒಂದು ಬಿಳಿ ಚುಕ್ಕಿ ಮಿನುಗುವುದು ಕಂಡು ಡಿಸ್‌ಪ್ಲೇ ಹೋಯಿತು ಅಂತ ಓಡಿ ಬರುತ್ತಾರೆ. ಅಲ್ಲಿ ಸೆನ್ಸರ್ ಡಿಸ್‌ಪ್ಲೇ ಅಡಿಯಲ್ಲೇ ಇರುತ್ತದೆ, ಅದು ಅದರದ್ದೇ ಬೆಳಕು, ಕೆಟ್ಟಿದ್ದಲ್ಲ.

"ಸುಮ್ನೆ ಬಂದೆ" ಅವರೇ, ಅರ್ಧ ಬೆಲೆ ಕೇಳಿದರೆ ಎದ್ದು ಬನ್ನಿ. ರಬ್ಬರ್, ಸೆನ್ಸರ್ ಪಟ್ಟಿ ಸಣ್ಣ ಐಟಂ. ದುಡ್ಡು ಹೋಗುವುದು ಡಿಸ್‌ಪ್ಲೇ ಬಿಚ್ಚಿ ಹಾಕುವ ಕೂಲಿಗೆ. ಬಿಚ್ಚುವಾಗ ಒಡೆಯುವ ಭಯವೂ ಇರುತ್ತದೆ, ಅದನ್ನು ಮೊದಲೇ ಮಾತಾಡಿಕೊಳ್ಳಿ.

ತಿಪಟೂರು ತೆಂಗು

ಶನಿವಾರ ಊರಿಗೆ ಬಂದೆ. ಟೆಂಪರ್ ಗ್ಲಾಸ್ ಕಿತ್ತೆ. ಕಪ್ಪು ಬಾರ್ಡರ್‌ನದ್ದೇ ಇತ್ತು, ಮೇಲ್ಗಡೆ ಅಂಟಿನ ಜೊತೆ ಒಂದು ಗೆರೆ ಜಿಡ್ಡು. ಒರೆಸಿದ ಮೇಲೆ ಈಗ ಮನೆಯೊಳಗೆ ಕಾಲ್ ಮಾಡಿದರೆ ಸ್ಕ್ರೀನ್ ಸರಿಯಾಗಿ ಬರುತ್ತದೆ, ವಾಯ್ಸ್ ಮೆಸೇಜೂ ಸ್ಪೀಕರ್‌ನಲ್ಲೇ ಕೇಳಿಸುತ್ತದೆ. ಸಿಪಿಯು-ಝಡ್‌ನಲ್ಲಿ 5, 0 ಎರಡೂ ಬರುತ್ತಿದೆ, ವರ್ಚುಯಲ್ ಅಂತ ಏನೂ ಇಲ್ಲ. ಆದರೆ ಅಂಗಳದ ಬಿಸಿಲಿಗೆ ಹೋದರೆ ಮತ್ತೆ ಕಪ್ಪು, ಒಳಗೆ ಬಂದರೆ ಸರಿ. ಇದು ಯಾಕೆ? ಹೊಸ ಗ್ಲಾಸ್ ಹಾಕಿಸಲಾ, ಬೇಡವಾ?

ಸೋಲ್ಡರ್ ಹೊಗೆ

ಬಿಸಿಲಿನಲ್ಲೂ ಇನ್‌ಫ್ರಾರೆಡ್ ಬೇಕಾದಷ್ಟಿದೆ, ಅದು ನೇರ ಡಯೋಡಿನ ಮೇಲೆ ಸುರಿಯುತ್ತದೆ. ಸರಿಯಾದ ಗಾಜು, ರಬ್ಬರ್ ಇದ್ದರೆ ಸೆನ್ಸರ್ ಅದನ್ನು ಲೆಕ್ಕದಿಂದ ಕಳೆದುಕೊಳ್ಳುತ್ತದೆ. ನಿಮ್ಮದರಲ್ಲಿ ಒಳಗೆ ಸೋರಿಕೆ ಮೊದಲೇ ಗೆರೆಯ ಹತ್ತಿರ ಇದೆ, ಬಿಸಿಲು ಸೇರಿದರೆ ದಾಟುತ್ತದೆ. ಅಂದರೆ ಟೆಂಪರ್ ಗ್ಲಾಸ್ ಪೂರ್ತಿ ಕಾರಣ ಅಲ್ಲ, ಕಾಂಬೊ ಕಿಂಡಿಯೋ ರಬ್ಬರೋ ಸರಿ ಇಲ್ಲ. ಊರಲ್ಲೇ ಇದ್ದೀರಲ್ಲ, ಸೋಮವಾರ ಅದೇ ಅಂಗಡಿಗೆ ಹೋಗಿ ಅವರೆದುರೇ ಬಿಸಿಲಲ್ಲಿ ನಿಂತು ಕಾಲ್ ಮಾಡಿ ತೋರಿಸಿ. ರಬ್ಬರ್ ಹಾಕಿಸಿ, ಅದರಲ್ಲೂ ಆಗದಿದ್ದರೆ ಡಿಸ್‌ಪ್ಲೇ ಬದಲಿಸಿಕೊಡಿ ಅನ್ನಿ. ಬಿಲ್ ತಗೊಂಡು ಹೋಗಿ.

ಗ್ಲಾಸ್ ಹಾಕಿಸಿ, ಆದರೆ ಅದೆಲ್ಲ ಆದ ಮೇಲೆ. ಬಾರ್ಡರ್ ಇಲ್ಲದ್ದು, ಮೇಲ್ಗಡೆ ಸೆನ್ಸರ್ ಜಾಗ ಕತ್ತರಿಸಿ ಬಿಟ್ಟಿರುವುದು ಕೇಳಿ. ಅಂಟಿಸಿದ ಮೇಲೆ ಅಲ್ಲೇ ಒಂದು ಕಾಲ್ ಮಾಡಿ ನೋಡಿಯೇ ದುಡ್ಡು ಕೊಡಿ.